ಬೇಲಿಯಾಚೆಯ ಹೆಪ್ಪು

ಮೊದಲೇ ಹೇಳಿಬಿಡುತ್ತೇನೆ, ನಾನು ಕುಡಿಯುವುದಿಲ್ಲ. ಇದನ್ನು ಹೇಳದೆ ಮುಂದೆ ಹೋದರೆ ಮೆಲ್ಬರ್ನಿನ ಗ್ಲೆನ್ ವೇವರ್ಲಿಯ ಕನ್ನಡದ ಆಂಟಿಯರು ಉಳಿದ ಕಥೆಯನ್ನು ತಾವೇ ಕಟ್ಟಿಕೊಳ್ಳುತ್ತಾರೆ. ವೈನನ್ನು ಬಾಯಿಗೆ ಹಾಕಿಕೊಂಡು, ನಾಲಿಗೆಯ ಮೇಲೆ ಹೊರಳಾಡಿಸಿ, ಬಕೆಟ್ಟಿಗೆ ಉಗುಳುವುದು ನನ್ನ ಕೆಲಸ. ದಿನಕ್ಕೆ ಇಪ್ಪತ್ತು ಸಲ, ಸುಗ್ಗಿಯಲ್ಲಿ ಅದರ ಮೂರು ಪಟ್ಟು. ಒಂದು ಹನಿಯೂ ಗಂಟಲಿನಿಂದ ಕೆಳಗೆ ಇಳಿದಿಲ್ಲ ಎಂದು ಆಣೆ ಮಾಡಲಾರೆ. ಆದರೆ ಇಳಿಸಿದ್ದು ನಾನಲ್ಲ, ಅದಾಗಿ ಅದೇ ಇಳಿದದ್ದು.

ಗ್ಲೆನ್ ವೇವರ್ಲಿಯ ಒಂದು ಯುಗಾದಿ ಊಟದಲ್ಲಿ ಯಾರೋ ಒಬ್ಬ ಆಂಟಿ ನನ್ನ ಗಂಡನನ್ನು ಕೇಳಿದರು, ‘ನಿಮ್ಮ ಮಿಸೆಸ್ ಎಲ್ಲಿ ವರ್ಕ್ ಮಾಡೋದು?’ ನನ್ನ ಗಂಡ ಬೆಳಗಾವಿಯವನು. ಸುಳ್ಳು ಹೇಳುವ ಮನುಷ್ಯನಲ್ಲ, ಆದರೆ ನಿಜವನ್ನು ಅರ್ಧಕ್ಕೆ ನಿಲ್ಲಿಸುವುದರಲ್ಲಿ ಪಳಗಿದವನು. ‘ಫುಡ್ ಲ್ಯಾಬ್‌ನ್ಯಾಗ ಇದ್ದಾಳ್ರಿ’ ಅಂದ. ನನಗೆ ಸಿಟ್ಟು ಮೂಗಿನ ತುದಿಯ ಮೇಲೆ. ‘ವೈನ್ ಮಾಡ್ತೀನ್ರಿ ಆಂಟಿ, ಕೆಂಪು ವೈನ್’ ಅಂದೆ. ಆ ದಿನ ನಾನು ಒಯ್ದಿದ್ದ ಮೊಸರನ್ನದ ಪಾತ್ರೆ ತುಂಬಿದ್ದು ತುಂಬಿದ ಹಾಗೆಯೇ ಕ್ರಾನ್‌ಬರ್ನ್‌ನ ನಮ್ಮ ಮನೆಗೆ ವಾಪಸ್ ಬಂತು. ಮರುದಿನ ಮಧ್ಯಾಹ್ನದವರೆಗೂ ಅದನ್ನೇ ತಿಂದೆವು. ಮಗಳು ಮಾತ್ರ ಮುಟ್ಟಲಿಲ್ಲ, ‘ಅಮ್ಮಾ, ಇಟ್ಸ್ ಟೂ ಸವರ್’ ಅಂದು ಬ್ರೆಡ್ ತಿಂದಳು.

ಅಸಲಿಗೆ ಮೊಸರೇ ನನ್ನ ಮೊದಲ ಕಸುಬು. ಧಾರವಾಡದಲ್ಲಿ ಮೈಕ್ರೋಬಯಾಲಜಿ ಓದಿ, ಮದುವೆಯಾಗಿ ಸಿಡ್ನಿಗೆ ಬಂದಾಗ ಕ್ವೇಕರ್ಸ್ ಹಿಲ್‌ನಲ್ಲಿ ಒಂದು ಯುನಿಟ್ ರೆಂಟ್‌ಗೆ ಹಿಡಿದಿದ್ದೆವು. ಅಲ್ಲಿಂದ ಅರ್ಧ ಗಂಟೆ ದೂರದ ಒಂದು ಮೊಸರಿನ ಫ್ಯಾಕ್ಟರಿಯ ಲ್ಯಾಬಿನಲ್ಲಿ ಆರು ವರ್ಷ ದುಡಿದೆ. ಟ್ಯಾಂಕಿಗೆ ಹೆಪ್ಪು ಹಾಕುವ ಮೊದಲು ಅದನ್ನು ಮೈಕ್ರೋಸ್ಕೋಪಿನಲ್ಲಿ ನೋಡಬೇಕು, ಪ್ಲೇಟಿನಲ್ಲಿ ಬೆಳೆಸಿ ನೋಡಬೇಕು, ಮೂಸಬೇಕು, ನೆಕ್ಕಬೇಕು, ನಾಲ್ಕು ಕಡೆ ಸಹಿ ಹಾಕಬೇಕು. ಒಂದು ಪ್ಲೇಟಿನಲ್ಲಿ ಅನುಮಾನದ ಚುಕ್ಕೆ ಕಂಡರೂ ಇಡೀ ಟ್ಯಾಂಕ್ ಹಾಲನ್ನು ನಿಲ್ಲಿಸುತ್ತಿದ್ದೆ. ಮ್ಯಾನೇಜರ್ ಬಂದು ಗೋಗರೆದರೂ ಜಗ್ಗುತ್ತಿರಲಿಲ್ಲ. ‘ಇವಳ ಕೈಯಿಂದ ಹಾಲು ಪಾಸಾಗುವುದು ಕಷ್ಟ’ ಎಂದು ಅಲ್ಲಿ ಹೆಸರು ಮಾಡಿದ್ದೆ. ಜಂಬಕ್ಕೆ ಹೇಳುತ್ತಿಲ್ಲ. ಅಷ್ಟೆಲ್ಲ ಗೊತ್ತಿದ್ದವಳು ಮುಂದೆ ಏನು ಮಾಡಿದೆ ಅನ್ನುವುದಕ್ಕೆ ಇದು ಬೇಕು.

ಗಂಡನ ಕೆಲಸ ಮೆಲ್ಬರ್ನ್‌ಗೆ ಬಂತು. ನಾವೂ ಬಂದೆವು. ಕ್ರಾನ್‌ಬರ್ನ್‌ನಲ್ಲಿ ಮನೆ, ಮನೆಯ ಜೊತೆಗೆ ಮಾರ್ಟ್‌ಗೇಜ್. ಮೊಸರಿನ ಕೆಲಸ ಸಿಗಲಿಲ್ಲ. ಸಿಕ್ಕಿದ್ದು ಮಾರ್ನಿಂಗ್ಟನ್ ಪೆನಿನ್ಸುಲಾದ ಒಂದು ಪುಟ್ಟ ದ್ರಾಕ್ಷಿ ತೋಟದಲ್ಲಿ, ‘ಲ್ಯಾಬ್ ಮತ್ತು ಶೆಡ್ಡಿನ ಕೆಲಸಕ್ಕೆ ಜನ ಬೇಕು’ ಎಂಬ ಜಾಹೀರಾತಿನಿಂದ. ಮನೆಯಿಂದ ಕಾರಿನಲ್ಲಿ ಮುಕ್ಕಾಲು ಗಂಟೆ. ಹೋಗಿ ನೋಡಿದರೆ ಲ್ಯಾಬ್ ಎಂದರೆ ಕಿಟಕಿಯ ಪಕ್ಕ ಒಂದು ಟೇಬಲ್, ಜನ ಎಂದರೆ ತೋಟದ ಮಾಲೀಕ ಮತ್ತು ನಾನು. ಮಾಲೀಕರಿಗೆ ಎಪ್ಪತ್ತರ ಹತ್ತಿರ. ಅವರನ್ನು ಹೆಸರು ಹಿಡಿದು ಕರೆಯಬೇಕಂತೆ, ಈ ದೇಶದ ರೂಢಿ. ನನ್ನ ನಾಲಿಗೆ ಹೊರಳಲಿಲ್ಲ. ಬಾಸ್ ಅಂದೆ. ಅದೇ ಉಳಿಯಿತು. ನಾವು ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲೇ, ಆದರೆ ಆ ಮಾತುಗಳೆಲ್ಲ ನನಗೆ ಕನ್ನಡದಲ್ಲಿ ನೆನಪಿವೆ, ಹಾಗೆಯೇ ಬರೆಯುತ್ತೇನೆ.

ನಾವು ಬೆಳೆಯುವುದು ಪಿನೋ ನ್ವಾರ್ ಎಂಬ ದ್ರಾಕ್ಷಿ. ಬಿಸಿಲು ತಡೆಯದ ಜಾತಿ. ಸಿಪ್ಪೆ ತೆಳ್ಳಗೆ, ಗೊಂಚಲು ಅಂಗೈಯಲ್ಲಿ ಹಿಡಿಸುವಷ್ಟು. ವಿಜಯಪುರದ ಕಡೆ ಬೆಳೆಯುವ ದ್ರಾಕ್ಷಿಯ ಬಿಸಿಲನ್ನು ಇದಕ್ಕೆ ಒಂದು ವಾರ ಕೊಟ್ಟರೆ ಸುಟ್ಟು ಒಣದ್ರಾಕ್ಷಿಯಾದೀತು. ಇಲ್ಲಿ ಮೂರು ಕಡೆ ಸಮುದ್ರ, ಬೇಸಿಗೆಯಲ್ಲೂ ಸಂಜೆ ಸ್ವೆಟರ್ ಬೇಕು. ಹಣ್ಣು ನಿಧಾನಕ್ಕೆ ಮಾಗುತ್ತದೆ, ಸಿಹಿ ಬಂದ ಮೇಲೂ ಹುಳಿ ಬಿಟ್ಟುಕೊಡುವುದಿಲ್ಲ. ಆ ಹುಳಿಯೇ ಈ ವೈನಿನ ಬೆನ್ನೆಲುಬು ಎಂದು ಬಾಸ್ ಹೇಳುತ್ತಿದ್ದರು. ಬಣ್ಣವೂ ಅಷ್ಟೇ, ಗ್ಲಾಸಿನ ಹಿಂದೆ ಬೆರಳು ಇಟ್ಟರೆ ಬೆರಳು ಕಾಣುವಷ್ಟು ತಿಳಿ.

ಮಾರ್ಚ್‌ನಲ್ಲಿ ಬೆಳಗಿನ ತಂಪಿನಲ್ಲೇ ಕೈಯಿಂದ ಕೊಯ್ಯುತ್ತೇವೆ. ಹಣ್ಣು ಬಿಡಿಸಿ, ಕೆಲವು ಗೊಂಚಲನ್ನು ದಂಟಿನ ಸಮೇತ ಹಾಗೇ ಬಿಟ್ಟು, ಎದೆಮಟ್ಟದ ತೊಟ್ಟಿಗೆ ತುಂಬುತ್ತೇವೆ. ನಾಲ್ಕು ದಿನ ತಣ್ಣಗೆ ನೆನೆಯುತ್ತದೆ. ಆಮೇಲೆ ಸಿಪ್ಪೆಯ ಮೇಲಿರುವ ಈಸ್ಟೇ ಎದ್ದು ಕೆಲಸ ಶುರು ಮಾಡುತ್ತದೆ, ನಾವು ಹೊರಗಿನಿಂದ ಏನೂ ಹಾಕುವುದಿಲ್ಲ. ತೊಟ್ಟಿ ಬೆಚ್ಚಗಾಗುತ್ತದೆ, ಗುಳುಗುಳು ಅನ್ನುತ್ತದೆ, ಸಿಪ್ಪೆಯೆಲ್ಲ ಮೇಲೆ ತೇಲಿ ಗಟ್ಟಿ ಪದರವಾಗುತ್ತದೆ. ಅದನ್ನು ದಿನಕ್ಕೆ ಮೂರು ಸಲ ಉದ್ದ ಹಿಡಿಯ ಕೋಲಿನಿಂದ ಒತ್ತಿ ಮುಳುಗಿಸಬೇಕು, ಇಲ್ಲದಿದ್ದರೆ ಮೇಲೆ ಒಣಗಿ ಕೆಡುತ್ತದೆ. ಮೊದಲ ವರ್ಷ ನನ್ನ ರಟ್ಟೆ ಬಿದ್ದೇ ಹೋಗಿತ್ತು. ಎರಡು ವಾರಕ್ಕೆ ಸಿಹಿಯೆಲ್ಲ ಮುಗಿಯುತ್ತದೆ. ಹಿಂಡಿ, ರಸವನ್ನು ಓಕ್ ಮರದ ಬ್ಯಾರೆಲ್ಲಿಗೆ ಇಳಿಸುತ್ತೇವೆ.

ಇಷ್ಟಕ್ಕೆ ವೈನ್ ಆಗಿಬಿಡುವುದಿಲ್ಲ. ಎರಡನೆಯ ಹುದುಗು ಒಂದು ಬಾಕಿ ಇರುತ್ತದೆ. ಬ್ಯಾರೆಲ್ಲಿನಲ್ಲಿ ಕೂತ ಮೇಲೆ ಒಂದು ಬ್ಯಾಕ್ಟೀರಿಯಾ ಬಂದು, ಹಸಿ ಸೇಬಿನಂಥ ಚುರುಕು ಹುಳಿಯನ್ನು ಮೊಸರಿನ ಮೆತ್ತನೆಯ ಹುಳಿಯನ್ನಾಗಿ ಮಾಡುತ್ತದೆ. ಮೊದಲ ಸಲ ಬಾಸ್ ಇದನ್ನು ವಿವರಿಸಿದಾಗ ನಾನು ಜೋರಾಗಿ ನಕ್ಕುಬಿಟ್ಟೆ. ಸಿಡ್ನಿಯ ಫ್ಯಾಕ್ಟರಿಯಲ್ಲಿ ನಾನು ಸಾಕುತ್ತಿದ್ದವುಗಳ ದಾಯಾದಿಗಳೇ ಇವು! ಒಂದೇ ತೊಂದರೆ ಏನೆಂದರೆ, ಆ ಬ್ಯಾಕ್ಟೀರಿಯಾ ತನ್ನ ಕೆಲಸ ಮುಗಿಸುವವರೆಗೆ ವೈನಿಗೆ ಗಂಧಕ ಹಾಕುವಂತಿಲ್ಲ, ಹಾಕಿದರೆ ಅದೇ ಸಾಯುತ್ತದೆ. ಗಂಧಕವಿಲ್ಲದ ವೈನಿಗೆ ಕಾವಲಿಲ್ಲ. ಯಾವ ಕ್ರಿಮಿ ಬೇಕಾದರೂ ಒಳಗೆ ಹೊಗಬಹುದು.

ನಾನು ಸೇರಿದ ನಾಲ್ಕನೆಯ ಸುಗ್ಗಿಯಲ್ಲಿ ಬಾಸ್ ತೋಟದ ಹಳೆಯ ಗಿಡಗಳ ಹಣ್ಣನ್ನು ನನಗೆ ಬಿಟ್ಟುಕೊಟ್ಟರು. ಆರು ಬ್ಯಾರೆಲ್ ಆಯಿತು. ‘ಇದು ಪೂರ್ತಿ ನಿನ್ನದು. ನಾನು ಕೈ ಹಾಕೋದಿಲ್ಲ’ ಅಂದರು. ‘ನನ್ನ ಮೊಣಕಾಲು ಹೋಗಿದೆ. ಈ ಆರು ಬ್ಯಾರೆಲ್ ಸರಿಯಾದರೆ ಮುಂದಿನ ವರ್ಷದಿಂದ ಇಲ್ಲಿಯ ವೈನ್ ನೀನೇ ಮಾಡು. ಆಗದಿದ್ದರೆ ಹಣ್ಣನ್ನು ದೊಡ್ಡ ಕಂಪನಿಗೆ ಮಾರಿಬಿಡ್ತೀನಿ, ಶೆಡ್ ಮುಚ್ತೀನಿ.’ ಆ ದಿನ ಮನೆಗೆ ಕಾರು ಓಡಿಸುತ್ತಾ ನಾನು ಅತ್ತಿದ್ದು ಖುಷಿಗೆ. ಮೂವತ್ತೆಂಟು ವರ್ಷದವರೆಗೆ ಯಾರೋ ಮಾಡಿದ್ದನ್ನು ಪರೀಕ್ಷೆ ಮಾಡಿ ಹೌದು, ಅಲ್ಲ ಅಂದುಕೊಂಡು ಬಂದವಳು. ಇದು ನನ್ನದು ಎಂದು ಹೇಳುವಂಥದ್ದು ಕೈಗೆ ಸಿಕ್ಕಿದ್ದು ಅದೇ ಮೊದಲು.

ಮೇ ತಿಂಗಳು ಹೋಯಿತು. ಎರಡನೆಯ ಹುದುಗು ಏಳಲಿಲ್ಲ. ಇಲ್ಲಿ ಚಳಿಗಾಲ ಜೂನ್‌ನಿಂದ, ಆ ವರ್ಷ ಬೇಗ ಬಂತು, ಶೆಡ್ಡಿನ ನೆಲ ಐಸಿನಂತಿತ್ತು. ಹುದುಗು ಆಯಿತೋ ಇಲ್ಲವೋ ನೋಡಲು ಒಂದು ಕಾಗದದ ಪರೀಕ್ಷೆ ಇದೆ. ವೈನಿನ ಹನಿಯನ್ನು ಕಾಗದದ ಮೇಲಿಟ್ಟು ಘಾಟು ವಾಸನೆಯ ದ್ರಾವಣದಲ್ಲಿ ನಿಲ್ಲಿಸಿ ಒಣಗಿಸಿದರೆ, ಪ್ರತಿಯೊಂದು ಹುಳಿಯೂ ಬೇರೆ ಬೇರೆ ಎತ್ತರದಲ್ಲಿ ಹಳದಿ ಚುಕ್ಕೆಯಾಗಿ ಮೂಡುತ್ತದೆ. ಸೇಬಿನ ಹುಳಿಯ ಚುಕ್ಕೆ ಮಾಯವಾಗಬೇಕು. ವಾರ ವಾರ ನೋಡುತ್ತಿದ್ದೆ, ಅದು ಹಳದಿ ಕಣ್ಣು ಬಿಟ್ಟುಕೊಂಡು ಅಲ್ಲೇ ಕೂತಿರುತ್ತಿತ್ತು. ಬಾಸ್‌ಗೆ ಹೇಳಿದೆ.

‘ಕಾಯು’ ಅಂದರು. ‘ವಸಂತ ಬಂದರೆ ತಾನೇ ಏಳುತ್ತೆ. ಪ್ರತಿ ವರ್ಷ ಎದ್ದಿದೆ.’

‘ಪ್ಯಾಕೆಟ್‌ನಲ್ಲಿ ಸಿಗುತ್ತಲ್ಲ ಬಾಸ್, ತರಿಸೋಣ.’

‘ನನ್ನ ಶೆಡ್ಡಿಗೆ ಪ್ಯಾಕೆಟ್ ಬಂದಿಲ್ಲ, ಬರೋದೂ ಇಲ್ಲ. ಕಾಯು.’

ಇಷ್ಟು ಹೇಳಿ ಮೊಣಕಾಲಿಗೆ ಬಿಸಿಲು ಬೇಕೆಂದು ಮೂರು ತಿಂಗಳು ಕ್ವೀನ್ಸ್‌ಲ್ಯಾಂಡಿನ ಮಗಳ ಮನೆಗೆ ಹೊರಟುಹೋದರು. ಕಾಯುವುದು ನನ್ನ ಜಾತಕದಲ್ಲೇ ಬರೆದಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಅಪ್ಪ ನನ್ನನ್ನು ನೋಡಿಯೇ ಕಲಿತ ಹಾಗೆ ಹೇಳುತ್ತಿದ್ದರು. ಮನೆಯಿಂದ ಎರಡು ಎಲೆಕ್ಟ್ರಿಕ್ ಬ್ಲಾಂಕೆಟ್ ತಂದು ಬ್ಯಾರೆಲ್ಲುಗಳಿಗೆ ಸುತ್ತಿದೆ. ‘ಇಲ್ಲಿ ನಾವು ಥಂಡಿಯಾಗ ನಡಗಬೇಕ, ನಿನ್ನ ಬ್ಯಾರೆಲ್ ಬೆಚ್ಚಗ ಮಲಗಬೇಕ?’ ಎಂದು ಗಂಡ ಕೇಳಿದ. ‘ಹೌದ್ರಿ, ಹಂಗ ತಿಳಕೋರಿ’ ಅಂದೆ.

ನಮ್ಮ ತೋಟದ ಬೇಲಿಯಾಚೆ ಇನ್ನೊಂದು ತೋಟ. ಅದನ್ನು ನೋಡಿಕೊಳ್ಳುತ್ತಿದ್ದವರು ಎಪ್ಪತ್ತು ದಾಟಿದ ಹೆಂಗಸು. ಗಂಡ ತೀರಿಕೊಂಡ ಮೇಲೆ ಒಬ್ಬರೇ ವರ್ಷಕ್ಕೆ ಹನ್ನೆರಡು ಬ್ಯಾರೆಲ್ ಪಿನೋ ಮಾಡುತ್ತಿದ್ದರು. ಈ ಸುತ್ತಿನಲ್ಲಿ ಅವರ ವೈನಿಗೆ ಒಳ್ಳೆಯ ಹೆಸರಿತ್ತು. ನಾನು ಅವರನ್ನು ಆಂಟಿ ಅನ್ನುತ್ತಿದ್ದೆ. ಮೊದಲ ಸಲ ಅಂದಾಗ ಅವರು ಹಿಂದೆ ತಿರುಗಿ ಬೇರೆ ಯಾರಾದರೂ ಇದ್ದಾರೆಯೇ ನೋಡಿದ್ದರು. ಆಮೇಲೆ ಅವರಿಗೂ ಅದು ಹಿತವಾಯಿತು. ಜೂನ್‌ನ ಒಂದು ಮಧ್ಯಾಹ್ನ ಬೇಲಿಯ ಹತ್ತಿರ ನಿಂತು ನನ್ನ ಗೋಳು ಹೇಳಿಕೊಂಡೆ. ಅವರ ಶೆಡ್ ಬೆಚ್ಚಗಿನದು, ಅಲ್ಲಿ ಎರಡನೆಯ ಹುದುಗು ಜೋರಾಗಿ ನಡೆದಿತ್ತು. ‘ತಾಳು’ ಎಂದು ಒಳಗೆ ಹೋಗಿ, ಬ್ಯಾರೆಲ್ಲಿನ ತಳದ ಮಂದ ಗಸಿಯನ್ನು ಒಂದು ದೊಡ್ಡ ಜಗ್ಗಿನಲ್ಲಿ ತುಂಬಿಸಿಕೊಂಡು ಬಂದರು. ಬ್ಯಾಕ್ಟೀರಿಯಾ ಇರುವುದೇ ಆ ಗಸಿಯಲ್ಲಿ. ಒಂದು ಬ್ಯಾರೆಲ್ಲಿನ ಗಸಿಯನ್ನು ಇನ್ನೊಂದಕ್ಕೆ ಹಾಕುವುದು ಈ ಕಸುಬಿನಲ್ಲಿ ಇರುವ ಪದ್ಧತಿಯೇ.

ಬೇಲಿಯ ಮೇಲಿಂದ ಜಗ್ ಕೊಡುತ್ತಾ ಆಂಟಿ ಕೇಳಿದರು, ‘ನೋಡು, ಹೇಗಿದೆ?’

‘ಚೆನ್ನಾಗಿದೆ ಆಂಟಿ, ತುಂಬಾ ಥ್ಯಾಂಕ್ಸ್’ ಅಂದೆ. ಜಗ್ಗಿನತ್ತ ಸರಿಯಾಗಿ ನೋಡಿಯೂ ಇರಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಎದೆಗೆ ಒತ್ತಿಕೊಂಡು ಹೊರಟೆ.

ನಮ್ಮ ಧಾರವಾಡದ ಓಣಿಯಲ್ಲಿ ಮೊಸರು ಕೆಟ್ಟರೆ ಪಕ್ಕದ ಮನೆಗೆ ವಾಟಿ ಹಿಡಿದು ಹೋಗುವುದು ನನ್ನ ಪಾಲಿನ ಕೆಲಸವಾಗಿತ್ತು. ಎಂಟು ವರ್ಷದವಳಿದ್ದಾಗ ಒಮ್ಮೆ ಪಕ್ಕದ ಮನೆಯ ಕಾಕು ಹೆಪ್ಪು ಕೊಟ್ಟರು, ನಾನು ಅವರ ಎದುರಿಗೇ ವಾಟಿಯನ್ನು ಮೂಗಿಗೆ ಹಿಡಿದೆ. ಕಾಕು ಏನೂ ಅನ್ನಲಿಲ್ಲ. ಸುದ್ದಿ ಮಾತ್ರ ನನಗಿಂತ ಮುಂಚೆ ಮನೆ ಮುಟ್ಟಿತ್ತು. ಅವ್ವ ಬೆನ್ನಿಗೊಂದು ಬಾರಿಸಿ ಅಂದಳು, ‘ಕೊಟ್ಟವರ ಮುಂದ ಮೂಸಿ ನೋಡ್ತಾರೇನ? ಮೂಸೂದು ನಾಯಿ ಕೆಲಸ. ಕೊಟ್ಟಿದ್ದನ್ನ ಎರಡೂ ಕೈಲೆ ಇಸ್ಕೊಂಡು, ಛಲೋ ಐತ್ರಿ ಅಂತ ಹೇಳಿ ಬರಬೇಕ.’ ಮೂವತ್ತು ವರ್ಷವಾದರೂ ಆ ಏಟು ಬೆನ್ನಿನಲ್ಲೇ ಇತ್ತು. ಸಿಡ್ನಿಯ ಫ್ಯಾಕ್ಟರಿಯಲ್ಲಿ ಹೆಪ್ಪು ಸೀಲ್ ಮಾಡಿದ ಪೊಟ್ಟಣದಲ್ಲಿ ಬರುತ್ತಿತ್ತು, ಕೊಟ್ಟವರ ಮುಖ ಕಾಣುತ್ತಿರಲಿಲ್ಲ. ಅದನ್ನು ಮೂಸುವುದಕ್ಕೆ ನನಗೆ ಯಾವ ಸಂಕೋಚವೂ ಇರಲಿಲ್ಲ.

ಬೇಲಿಯಿಂದ ನಮ್ಮ ಶೆಡ್ಡಿಗೆ ನೂರು ಹೆಜ್ಜೆ. ಒಳಗೆ ಯಾರೂ ಇರಲಿಲ್ಲ, ಅಲ್ಲಾದರೂ ಮೂಸಬಹುದಿತ್ತು. ಮೂಸಲಿಲ್ಲ. ಕಿಟಕಿಯ ಪಕ್ಕದ ಟೇಬಲ್ಲಿನ ಮೇಲೆ ಮೈಕ್ರೋಸ್ಕೋಪ್ ಇತ್ತು, ಅದರ ಹೊದಿಕೆ ತೆಗೆಯಲಿಲ್ಲ. ಒಂದೇ ಬ್ಯಾರೆಲ್ಲಿಗೆ ಹಾಕಿ ಎರಡು ವಾರ ಕಾದು ನೋಡಿದ್ದರೂ ಐದು ಉಳಿಯುತ್ತಿದ್ದವು, ಅದನ್ನೂ ಮಾಡಲಿಲ್ಲ. ಅಷ್ಟು ಅಕ್ಕರೆಯಿಂದ ಕೊಟ್ಟದ್ದನ್ನು ಅನುಮಾನಿಸುವುದೇ ಪಾಪ ಎಂಬಂತೆ, ಲಾಳಿಕೆ ಇಟ್ಟು ಆರಕ್ಕೂ ಸಮವಾಗಿ ಹಂಚಿದೆ. ಮರುದಿನ ಜಗ್ ತೊಳೆದು, ಖಾಲಿ ಪಾತ್ರೆ ತಿರುಗಿಸಬಾರದೆಂದು ಶೇಂಗಾ ಹೋಳಿಗೆ ಇಟ್ಟು ಕೊಟ್ಟು ಬಂದೆ. ನನ್ನ ಮರ್ಯಾದೆಯ ಬಗ್ಗೆ ನನಗೇ ಮೆಚ್ಚುಗೆಯಾಗಿತ್ತು.

ಹೆಪ್ಪು ಹಿಡಿಯಿತು. ಬ್ಯಾರೆಲ್ಲಿಗೆ ಕಿವಿ ಇಟ್ಟರೆ ಸಣ್ಣಗೆ ಚಿಟಪಟ ಕೇಳಿಸುತ್ತಿತ್ತು. ಆಗಸ್ಟ್ ಮುಗಿಯುವ ಹೊತ್ತಿಗೆ ಕಾಗದದ ಮೇಲಿನ ಆ ಹಳದಿ ಚುಕ್ಕೆ ಆರರಲ್ಲೂ ಮಾಯ. ಕಾಗದವನ್ನು ಹಿಡಿದುಕೊಂಡು ಶೆಡ್ಡಿನಲ್ಲಿ ಒಬ್ಬಳೇ ಕುಣಿದೆ. ಗಂಧಕ ಹಾಕಿದೆ. ಬಾಸ್ ವಾಪಸ್ ಬಂದು, ‘ನೋಡಿದೆಯಾ, ತಾನೇ ಎದ್ದಿತಲ್ಲ’ ಅಂದಾಗ ನಾನು ಹೂಂ ಅಂದೆ. ಅದು ಸುಳ್ಳು, ಹೇಳುವಾಗಲೇ ಗೊತ್ತಿತ್ತು. ಸರಿಯಾದ ಮೇಲೆ ಹೇಳಿದರಾಯಿತು, ಆಗ ನಕ್ಕುಬಿಡುತ್ತಾರೆ ಅಂದುಕೊಂಡೆ.

ನವೆಂಬರಿನ ಒಂದು ಬೆಚ್ಚನೆಯ ಬೆಳಿಗ್ಗೆ ಮೂರನೆಯ ಬ್ಯಾರೆಲ್ಲಿನ ಬಿರಡೆ ತೆಗೆದೆ. ಧಾರವಾಡದ ಹಳೆಯ ಟಾಂಗಾ ಸ್ಟ್ಯಾಂಡಿನ ವಾಸನೆ ಬಂತು. ಕುದುರೆ, ಒದ್ದೆ ಹುಲ್ಲು, ಅದರ ಹಿಂದೆ ಹಳೆಯ ಗಾಯದ ಪಟ್ಟಿಯ ವಾಸನೆ. ನನ್ನ ಕೈಯಲ್ಲಿದ್ದ ಗ್ಲಾಸನ್ನು ತೊಳೆದು ಮತ್ತೆ ತೆಗೆದೆ. ಅದೇ. ಒಂದನೆಯದು, ಐದನೆಯದು, ಎಲ್ಲವೂ ಅದೇ. ಒಂದರಲ್ಲಿ ಕಡಿಮೆ, ಇನ್ನೊಂದರಲ್ಲಿ ಹೆಚ್ಚು. ಈ ಕಸುಬಿನಲ್ಲಿ ಬ್ರೆಟ್ ಎಂದು ಕರೆಯುವ ಒಂದು ಕೆಟ್ಟ ಈಸ್ಟ್ ಇದೆ. ಬ್ಯಾರೆಲ್ಲಿನ ಮರದೊಳಗೆ ಹೊಕ್ಕು ಕೂರುತ್ತದೆ. ಅದು ಬಿಟ್ಟ ವಾಸನೆಯನ್ನು ವೈನಿನಿಂದ ತೆಗೆಯುವ ದಾರಿ ನಮ್ಮಂಥ ಶೆಡ್ಡುಗಳಲ್ಲಿಲ್ಲ. ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಇತ್ತು. ಅಯ್ಯೋ ಶಿವನೇ ಅಂದೆ. ಒಂದು ಹನಿ ಕಣ್ಣೀರೂ ಬರಲಿಲ್ಲ, ಬರೀ ಸಿಟ್ಟು. ಯಾರ ಮೇಲೆ ಸಿಟ್ಟು ಮಾಡುವುದು?

ಬಾಸ್ ಬಂದಾಗ ಗ್ಲಾಸ್ ಕೈಗೆ ಕೊಟ್ಟೆ. ಮೂಸಿದರು. ಆರೂ ಬ್ಯಾರೆಲ್ಲುಗಳನ್ನು ಒಂದೊಂದಾಗಿ ಮೂಸಿದರು. ಆಮೇಲೆ ಬಕೆಟ್ ಮಗುಚಿ ಹಾಕಿ ಅದರ ಮೇಲೆ ಕೂತರು.

‘ಎಲ್ಲಿಂದ ಬಂತು ಇದು?’

ಹೇಳಿದೆ. ಜಗ್ಗಿನಿಂದ ಹೂಂ ಅಂದ ಸುಳ್ಳಿನವರೆಗೆ ಎಲ್ಲವನ್ನೂ.

‘ಹಾಕುವ ಮುಂಚೆ ಮೂಸಲಿಲ್ವಾ?’

‘ಇಲ್ಲ.’

‘ನೀನು? ನನ್ನ ಟೀ ಮಗ್ಗನ್ನೂ ಮೂಸಿ ನೋಡಿ ತೊಳೆಯೋ ನೀನು?’

ಅವ್ವ ಹೇಳಿದ್ದನ್ನು, ಕಾಕುವಿನ ವಾಟಿಯನ್ನು ಇಂಗ್ಲಿಷಿನಲ್ಲಿ ವಿವರಿಸಲು ನೋಡಿದೆ. ಕೊಟ್ಟವರ ಮುಂದೆ ಮೂಸಬಾರದು ಅನ್ನುವ ಮಾತು ಆ ಶೆಡ್ಡಿನಲ್ಲಿ ನನ್ನ ಕಿವಿಗೇ ಹುಚ್ಚುಚ್ಚಾಗಿ ಕೇಳಿಸಿತು. ಬಾಸ್ ನಗಲಿಲ್ಲ. ಕೂಗಾಡಲೂ ಇಲ್ಲ, ಕೂಗಾಡಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ.

‘ಮಾರ್ಚ್‌ನಲ್ಲಿ ಹಣ್ಣು ಮಾರ್ತೀನಿ’ ಅಂದರು. ‘ತೋಟದ ಕೆಲಸ ಇದ್ದೇ ಇರುತ್ತೆ. ಕೊಂಬೆ ಕತ್ತರಿಸೋದು, ತಂತಿ ಕಟ್ಟೋದು. ನೀನು ಇರೋದಾದರೆ ಇರು.’

ಎದ್ದು ಬಾಗಿಲವರೆಗೆ ಹೋಗಿ ತಿರುಗಿದರು. ‘ಅವಳಿಗೆ ಗೊತ್ತಾ?’

ಗೊತ್ತಿರಲಾರದು ಅಂದೆ. ಬೇಲಿಯಾಚೆಯ ಶೆಡ್ಡಿಗೆ ಮುಂದಿನ ವಾರ ಬಾಟಲ್ ತುಂಬುವ ಲಾರಿ ಬರುವುದಿತ್ತು, ಅದು ಇಬ್ಬರಿಗೂ ಗೊತ್ತಿತ್ತು. ಅವರ ಹನ್ನೆರಡು ಬ್ಯಾರೆಲ್ ಬಾಟಲಿಗೆ ಹೋಗಿ, ಅಂಗಡಿಗೆ ಹೋಗಿ, ಯಾರ ಮೇಜಿನ ಮೇಲೋ ತೆರೆದುಕೊಂಡರೆ ಅವರ ಅಷ್ಟು ವರ್ಷದ ಹೆಸರು ಅಲ್ಲಿಗೆ ಮುಗಿಯುತ್ತಿತ್ತು. ‘ನಾನು ಹೇಳಲಾ?’ ಎಂದು ಬಾಸ್ ಕೇಳಿದರು. ಬೇಡ, ನಾನೇ ಹೇಳುತ್ತೇನೆ ಅಂದೆ.

ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದೆ. ಅವನು ಚಹಾ ಮಾಡಿ ಕೊಟ್ಟ. ‘ಆಗಿದ್ದು ಆತು. ಇನ್ನ ಆಕಿಗೆ ಹೋಗಿ ಹೇಳೂ ಉಸಾಬರಿ ನಿನಗ್ಯಾಕ ಬೇಕ? ವಯಸ್ಸಾದಾಕಿ, ಒಬ್ಬಾಕಿ ಇರ್ತಾಳ. ನಿಮ್ಮ ವೈನ್ ಕೆಟ್ಟೈತಿ ಅಂತ ಮಾರಿ ಮ್ಯಾಲ ಹೇಳ್ತಾರೇನ? ಭಾಳ ಆದ್ರ ಒಂದ ಮೆಸೇಜ್ ಹಾಕು.’

‘ಮೆಸೇಜ್‌ನ್ಯಾಗ ಏನಂತ ಹಾಕಲ್ರೀ? ನಿಮ್ಮ ವೈನ್‌ನ್ಯಾಗ ಕುದರಿ ಐತಿ ಅಂತನಾ?’

ಅವನು ನಕ್ಕ. ನನಗೆ ನಗು ಬರಲಿಲ್ಲ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ನಾನೂ ಅದೇ ನೀರು ಕುಡಿದು ಬೆಳೆದವಳು. ಅದೇ ಮರ್ಯಾದೆಗೆ ಆರು ಬ್ಯಾರೆಲ್ ತೆತ್ತಾಗಿತ್ತು.

ಮರುದಿನ ಬೇಲಿ ಸುತ್ತಿಕೊಂಡು ಹೋದೆ. ಆಂಟಿ ಶೆಡ್ಡಿನಲ್ಲಿ ಲೇಬಲ್‌ಗಳ ಡಬ್ಬಿ ಬಿಚ್ಚುತ್ತಿದ್ದರು. ಮುಖ ಅರಳಿಸಿ, ‘ಬಾ, ಕೂರು’ ಅಂದರು. ಕೂರಲಿಲ್ಲ. ಕೂತರೆ ಹೇಳಲಾಗುವುದಿಲ್ಲ ಎಂದು ಗೊತ್ತಿತ್ತು. ‘ಆಂಟಿ, ನಿಮ್ಮ ವೈನ್ ಒಂದು ಗ್ಲಾಸ್ ಕೊಡಿ’ ಅಂದೆ. ಜೂನ್‌ನಲ್ಲಿ ಗಸಿ ತೆಗೆದ ಬ್ಯಾರೆಲ್ಲಿನಿಂದಲೇ ಕೊಟ್ಟರು. ಅವರ ಎದುರಿಗೇ ಮೂಗಿಗೆ ಹಿಡಿದೆ. ನಮ್ಮದಕ್ಕಿಂತ ಎರಡು ಪಟ್ಟು ಜೋರಾಗಿತ್ತು.

‘ಇದು ಕೆಟ್ಟಿದೆ ಆಂಟಿ. ಬ್ರೆಟ್ ಇದೆ. ನಾನು ಒಯ್ದ ಗಸಿಯಲ್ಲೂ ಇತ್ತು. ನಮ್ಮ ಆರೂ ಹೋದವು. ಬಾಟಲ್ ಮಾಡಬೇಡಿ.’

ಅಷ್ಟನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಅವರು ಬೈಯುತ್ತಾರೆ, ಹೊರಗೆ ಹೋಗು ಅನ್ನುತ್ತಾರೆ, ಇಲ್ಲವೇ ನಾನೇ ತಪ್ಪು ಅನ್ನುತ್ತಾರೆ ಎಂದು ಸಿದ್ಧಳಾಗಿ ಬಂದಿದ್ದೆ. ಅವರು ಲೇಬಲ್ ಡಬ್ಬಿಯ ಮುಚ್ಚಳವನ್ನು ಮತ್ತೆ ಹಾಕಿದರು, ನಾಲ್ಕೂ ಮೂಲೆ ಒತ್ತಿ.

‘ಎರಡು ವರ್ಷದ ಹಿಂದೆ ಜ್ವರ ಬಂದಿತ್ತಲ್ಲ, ಅವಾಗ ಹೋದ ವಾಸನೆ ನನಗೆ ವಾಪಸ್ ಬಂದಿಲ್ಲ’ ಅಂದರು. ‘ಯಾರಿಗೂ ಹೇಳಿಲ್ಲ. ಮೂಗಿಲ್ಲದವಳ ವೈನ್ ಯಾರು ಕೊಳ್ತಾರೆ? ಹೋದ ವರ್ಷ ಹಾಗೋ ಹೀಗೋ ಆಯ್ತು. ಈ ವರ್ಷ ಏನೋ ಅನುಮಾನ. ಬಂದವರಿಗೆಲ್ಲ ಒಂದು ಗ್ಲಾಸ್ ಕೊಡ್ತಿದ್ದೆ. ಎಲ್ಲರೂ ಲವ್ಲಿ ಅಂದು ಹೋದರು.’

ನಾನು ಕೈಯಲ್ಲಿದ್ದ ಗ್ಲಾಸನ್ನು ಡಬ್ಬಿಯ ಪಕ್ಕಕ್ಕೆ ಇಟ್ಟೆ.

‘ನೀನು ಲ್ಯಾಬಿನವಳು. ನಿನ್ನ ಬಾಸ್ ನಿನ್ನ ಮೂಗಿನ ಬಗ್ಗೆ ಊರೆಲ್ಲ ಹೇಳ್ಕೊಂಡು ಓಡಾಡ್ತಾನೆ. ಅದಕ್ಕೇ ಆವತ್ತು ಜಗ್ ಕೊಟ್ಟು ಹೇಗಿದೆ ಅಂತ ಕೇಳಿದೆ. ನಿನ್ನ ಮುಖವನ್ನೇ ನೋಡ್ತಾ ನಿಂತಿದ್ದೆ. ನೀನು ಮೂಸಲೇ ಇಲ್ಲ. ಮೂಸದೇ ಚೆನ್ನಾಗಿದೆ ಅಂದೆ.’ ಅವರ ದನಿ ಏರಲಿಲ್ಲ. ‘ಜೂನ್‌ನಲ್ಲಿ ಅದು ಒಂದೋ ಎರಡೋ ಬ್ಯಾರೆಲ್‌ನಲ್ಲಿ ಇದ್ದಿರಬೇಕು. ಅವಾಗಲೇ ಹೇಳಿದ್ದರೆ ಅವನ್ನ ಬೇರೆ ಇಡ್ತಿದ್ದೆ, ಉಳಿದದ್ದು ಉಳೀತಿತ್ತು. ಆಮೇಲೆ ಒಂದರಿಂದ ತೆಗೆದು ಇನ್ನೊಂದಕ್ಕೆ ತುಂಬಿಸಿದೀನಿ, ಎಷ್ಟು ಸಲ ಅಂತ ಹೇಳಲಿ.’

ನನ್ನ ಆರು ಬ್ಯಾರೆಲ್ ಹೋದ ದಿನ ಬಾರದ ಅಳು ಅಲ್ಲಿ ಬಂತು. ಸಾರಿ ಆಂಟಿ ಅಂದೆ. ಅವರು ಒಂದು ತೊಳೆದ ಗ್ಲಾಸನ್ನು ನನ್ನ ಕೈಗೆ ಕೊಟ್ಟರು. ‘ಅಳೋದು ಆಮೇಲೆ. ಬಾ, ಎಲ್ಲಾ ಮೂಸು. ಯಾವುದಾದರೂ ಉಳಿದಿದೆಯಾ ನೋಡೋಣ.’

ಅವರು ಬಿರಡೆ ತೆಗೆಯುವುದು, ಗಾಜಿನ ಕೊಳವೆಯಿಂದ ವೈನ್ ಎತ್ತಿ ನನ್ನ ಗ್ಲಾಸಿಗೆ ಬಿಡುವುದು, ನಾನು ಮೂಸುವುದು. ಕೆಟ್ಟಿದೆ ಅಂದರೆ ಅವರು ಬ್ಯಾರೆಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದರು. ಪ್ರತಿ ಸಲವೂ ಅವರ ಮುಖ ನೋಡಿಯೇ ಅಂದೆ. ಎಂಟು ಬ್ಯಾರೆಲ್‌ಗಳಿಗೆ ಗುರುತು ಬಿತ್ತು. ಒಂಬತ್ತನೆಯದರಲ್ಲಿ ಹಣ್ಣು ಸಿಕ್ಕಿತು. ಚೆರ್ರಿ, ಒದ್ದೆ ಮಣ್ಣು, ಆ ತಂಪು ಹುಳಿ. ಮತ್ತೆ ಮೂಸಿದೆ, ಬಾಯಿಗೆ ಹಾಕಿ ಉಗುಳಿದೆ, ಇನ್ನೊಮ್ಮೆ ಮೂಸಿದೆ. ಕುದುರೆಯ ಸುಳಿವಿರಲಿಲ್ಲ.

‘ಇದು ಚೊಕ್ಕ ಇದೆ’ ಅಂದೆ.

ಆಂಟಿಯ ಸೀಮೆಸುಣ್ಣ ಹಿಡಿದ ಕೈ ಅರ್ಧಕ್ಕೆ ನಿಂತಿತು. ನನ್ನ ಮುಖವನ್ನು ನೋಡಿದರು.

‘ನಿಜ ಹೇಳ್ತಿದ್ದೀಯಾ, ಮರ್ಯಾದೆಗೆ ಹೇಳ್ತಿದ್ದೀಯಾ?’

ನಿಜ ಎಂದು ಬಾಯಿ ತೆರೆದೆ. ಆ ಮಾತಿಗೆ ನನ್ನ ಬಾಯಲ್ಲಿ ಇನ್ನು ಬೆಲೆಯಿಲ್ಲ ಎಂದು ಆಗ ಹೊಳೆಯಿತು. ‘ನನ್ನ ಮಾತು ನಂಬಬೇಡಿ ಆಂಟಿ’ ಅಂದೆ, ‘ಹೊರಗಿನ ಲ್ಯಾಬಿಗೆ ಕಳಿಸಿ.’

‘ಕಳಿಸ್ತೀನಿ’ ಅಂದರು. ಹತ್ತನೆಯ ಬ್ಯಾರೆಲ್ಲಿನ ಬಿರಡೆ ತೆಗೆದರು.